ನಾಮಪದದಿಂದ ಆರಂಭಿಸಿ: ಇಂಗ್ಲಿಷ್ ಪದಜೋಡಿಗಳನ್ನು ಕಲಿಯುವ ಬಗೆ

ಸೀರೆಯನ್ನು ಉಡುತ್ತೇವೆ, ಅಂಗಿಯನ್ನು ತೊಡುತ್ತೇವೆ, ಹೂವನ್ನು ಮುಡಿಯುತ್ತೇವೆ, ಚಪ್ಪಲಿಯನ್ನು ಮೆಟ್ಟುತ್ತೇವೆ. ಈ ನಾಲ್ಕಕ್ಕೂ ಇಂಗ್ಲಿಷಿನಲ್ಲಿ ‘ವೇರ್’ ಎಂಬ ಒಂದೇ ಕ್ರಿಯಾಪದ ಸಾಕು. ಬೆಂಗಳೂರಿಗೆ ಹೊಸದಾಗಿ ಬಂದು ಕನ್ನಡ ಕಲಿಯುತ್ತಿರುವವರೊಬ್ಬರು ‘ಹೂವು ಉಟ್ಟುಕೊಂಡೆ’ ಎಂದರೆ ಅವರ ಮಾತು ನಮಗೆ ತಿಳಿಯುತ್ತದೆ, ಅದರಲ್ಲಿ ವ್ಯಾಕರಣದ ದೋಷವೂ ಇರುವುದಿಲ್ಲ. ಆದರೂ ಕನ್ನಡ ಕೇಳಿ ಬೆಳೆದ ಕಿವಿ ಅದನ್ನು ಒಪ್ಪುವುದಿಲ್ಲ. ಏಕೆ ಎಂದು ಅವರು ಕೇಳಿದರೆ ‘ಹಾಗೆ ಹೇಳುವ ರೂಢಿಯಿಲ್ಲ’ ಎಂಬುದನ್ನು ಬಿಟ್ಟು ನಮ್ಮಲ್ಲಿ ಬೇರೆ ಉತ್ತರವಿರುವುದಿಲ್ಲ. ನಾವು ‘ಐ ಡಿಡ್ ಎ ಮಿಸ್ಟೇಕ್’ ಎಂದಾಗ ಇಂಗ್ಲಿಷ್ ಮನೆಮಾತಿನವರಿಗೆ ಆಗುವುದೂ ಇದೇ. ಅವರ ರೂಢಿಯಲ್ಲಿ ‘ಮಿಸ್ಟೇಕ್’ ಪದಕ್ಕೆ ಸೇರುವ ಕ್ರಿಯಾಪದ ‘ಮೇಕ್’, ‘ಡೂ’ ಅಲ್ಲ.

ಹೀಗೆ ರೂಢಿಯಿಂದ ಜೊತೆಗೂಡಿ ಬರುವ ಪದಗಳಿಗೆ ಭಾಷಾವಿಜ್ಞಾನದಲ್ಲಿ ಕೊಲೊಕೇಶನ್ ಎನ್ನುತ್ತಾರೆ. ಈ ಬರಹದಲ್ಲಿ ಅವನ್ನು ಪದಜೋಡಿ ಎಂದು ಕರೆಯುತ್ತೇನೆ. ಒಂದು ಪದದ ಪರಿಚಯವಾಗಬೇಕಾದರೆ ಅದರ ಸಹವಾಸವನ್ನು ನೋಡಬೇಕು ಎಂಬ ಅರ್ಥದ ಮಾತನ್ನು ಬ್ರಿಟನ್ನಿನ ಭಾಷಾವಿಜ್ಞಾನಿ ಜೆ. ಆರ್. ಫರ್ತ್ 1957ರಲ್ಲಿ ಬರೆದರು. ಶಾಲೆಯಲ್ಲಿ ನಾವು ಇಂಗ್ಲಿಷ್ ಪದಗಳನ್ನು ಕಲಿತ ಕ್ರಮ ಇದಕ್ಕೆ ವಿರುದ್ಧವಾದದ್ದು. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡದ ಅರ್ಥ, ನಡುವೆ ಒಂದು ಗೆರೆ ಎಂಬ ಆ ಪಟ್ಟಿಯಲ್ಲಿ ಪ್ರತಿಯೊಂದು ಪದವೂ ಒಂಟಿಯಾಗಿ ನಿಂತಿರುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಸಾವಿರಾರು ಪದಗಳ ಅರ್ಥ ತಿಳಿದಿದ್ದರೂ ಸಂದರ್ಶನದಲ್ಲಿ ವಾಕ್ಯ ಕಟ್ಟುವಾಗ ನಾಲಿಗೆ ತಡವರಿಸುವುದಕ್ಕೆ ಈ ಪಟ್ಟಿಯೇ ಬಹುಮಟ್ಟಿಗೆ ಕಾರಣವೆಂದು ನಾನು ನಂಬಿದ್ದೇನೆ. ಅವರಿಗೆ ಕೊರತೆಯಾಗಿರುವುದು ಪದಗಳಲ್ಲ, ಪದಗಳ ನಂಟು.

ಯಾವುದನ್ನು ಕಲಿಯಬೇಕು, ಯಾವುದನ್ನು ಬಿಡಬಹುದು

ಇಂಗ್ಲಿಷಿನ ಪದಜೋಡಿಗಳು ಲಕ್ಷಗಟ್ಟಲೆ ಇವೆ. ಅವೆಲ್ಲವನ್ನೂ ಬಾಯಿಪಾಠ ಮಾಡಲು ಹೊರಟವರು ವಾರ ಕಳೆಯುವುದರೊಳಗೆ ಕೈಬಿಡುತ್ತಾರೆ, ಮತ್ತು ಅದರ ಅಗತ್ಯವೂ ಇಲ್ಲ. ‘ಬೈ ಎ ಹೌಸ್’, ‘ರೀಡ್ ಎ ಬುಕ್’ ಎಂಬಂಥವು ಅರ್ಥದಿಂದಲೇ ಸಹಜವಾಗಿ ಕೂಡಿಕೊಳ್ಳುತ್ತವೆ. ಇನ್ನು ಕೆಲವು ಎರಡೂ ಭಾಷೆಗಳಲ್ಲಿ ಒಂದೇ ದಾರಿಯಲ್ಲಿ ನಡೆಯುತ್ತವೆ: ಫೋಟೊ ತೆಗೆಯುವುದು ‘ಟೇಕ್ ಎ ಫೋಟೊ’, ಉದಾಹರಣೆ ಕೊಡುವುದು ‘ಗಿವ್ ಆ್ಯನ್ ಎಗ್ಸಾಂಪಲ್’, ರಜೆ ತೆಗೆದುಕೊಳ್ಳುವುದು ‘ಟೇಕ್ ಲೀವ್’. ಇವುಗಳ ವಿಷಯದಲ್ಲಿ ಕನ್ನಡವೇ ನಿಮ್ಮ ಕೈಹಿಡಿಯುತ್ತದೆ. ಕನ್ನಡದ ರೂಢಿ ಒಂದು ಕಡೆಗೂ ಇಂಗ್ಲಿಷಿನ ರೂಢಿ ಇನ್ನೊಂದು ಕಡೆಗೂ ಎಳೆಯುವ ಜಾಗಗಳಲ್ಲಿ ಮಾತ್ರ ಎಚ್ಚರ ಬೇಕು. ಆ ಜಾಗಗಳನ್ನು ಗುರುತಿಸುವುದು ಕಷ್ಟವಲ್ಲ, ಏಕೆಂದರೆ ಅವು ಹೆಚ್ಚಾಗಿ ಕನ್ನಡದ ಕೆಲವೇ ದುಡಿಮೆಗಾರ ಪದಗಳ ಸುತ್ತ ಇವೆ: ಮಾಡು, ಹಾಕು, ಕೊಡು, ಕಟ್ಟು, ಜೋರು, ತುಂಬಾ.

‘ಹಾಕು’ ಪದವನ್ನೇ ನೋಡಿ. ನಾವು ಲೈಟ್ ಹಾಕುತ್ತೇವೆ, ಬಾಗಿಲು ಹಾಕುತ್ತೇವೆ, ಸಹಿ ಹಾಕುತ್ತೇವೆ, ಅರ್ಜಿ ಹಾಕುತ್ತೇವೆ, ಓಟು ಹಾಕುತ್ತೇವೆ, ರಜೆಯನ್ನೂ ಹಾಕುತ್ತೇವೆ. ಇದನ್ನೇ ಇಂಗ್ಲಿಷಿಗೆ ಹೊತ್ತುಕೊಂಡು ಹೋದಾಗ ‘ಪುಟ್ ದಿ ಲೈಟ್’, ‘ಪುಟ್ ಲೀವ್’ ಎಂಬ ವಾಕ್ಯಗಳು ಹುಟ್ಟುತ್ತವೆ. ಅಲ್ಲಿ ಪ್ರತಿಯೊಂದು ನಾಮಪದಕ್ಕೂ ಬೇರೆ ಜೊತೆಗಾರನಿದ್ದಾನೆ. ಲೈಟಿಗೆ ‘ಸ್ವಿಚ್ ಆನ್’ ಅಥವಾ ‘ಟರ್ನ್ ಆನ್’, ಬಾಗಿಲಿಗೆ ‘ಕ್ಲೋಸ್’ ಅಥವಾ ‘ಶಟ್’, ಅರ್ಜಿಗೆ ‘ಸಬ್‌ಮಿಟ್’, ಓಟಿಗೆ ‘ಕಾಸ್ಟ್’, ರಜೆಗೆ ‘ಟೇಕ್’ ಅಥವಾ ‘ಅಪ್ಲೈ ಫಾರ್’. ಸಹಿಗೆ ಜೊತೆಯೇ ಬೇಡ. ‘ಸೈನ್ ದಿ ಫಾರ್ಮ್’ ಎಂದರೆ ಮುಗಿಯಿತು. ‘ಕಟ್ಟು’ ಕೂಡ ಹೀಗೆಯೇ: ಮನೆ ಕಟ್ಟುವುದು ‘ಬಿಲ್ಡ್’, ಫೀಸು ಕಟ್ಟುವುದು ‘ಪೇ’, ಶೂ ಲೇಸ್ ಕಟ್ಟುವುದು ‘ಟೈ’.

ವಿಶೇಷಣಗಳಲ್ಲಿ ‘ಜೋರು’ ಇದೇ ಪಾತ್ರ ವಹಿಸುತ್ತದೆ. ಜೋರು ಮಳೆ ‘ಹೆವಿ ರೇನ್’, ಜೋರು ಗಾಳಿ ‘ಸ್ಟ್ರಾಂಗ್ ವಿಂಡ್’, ಜೋರು ಜ್ವರ ‘ಹೈ ಫೀವರ್’, ಜೋರು ಶಬ್ದ ‘ಲೌಡ್ ನಾಯ್ಸ್’, ಜೋರು ವಾಗ್ವಾದ ‘ಹೀಟೆಡ್ ಆರ್ಗ್ಯುಮೆಂಟ್’, ವ್ಯಾಪಾರ ಜೋರಾಗಿದ್ದರೆ ‘ಬ್ರಿಸ್ಕ್ ಬಿಸಿನೆಸ್’. ನಾಮಪದ ಬದಲಾದ ಹಾಗೆ ವಿಶೇಷಣವೂ ಬದಲಾಗುತ್ತದೆ ಎಂಬುದನ್ನು ಈ ಸಾಲು ತೋರಿಸಿಕೊಡುತ್ತದೆ. ಆದ್ದರಿಂದ ನನ್ನ ಮೊದಲ ಸಲಹೆ ಇದು: ವಾಕ್ಯ ಕಟ್ಟುವಾಗ ಮೊದಲು ನಾಮಪದವನ್ನು ಹಿಡಿಯಿರಿ, ಅದಕ್ಕೆ ಸೇರುವ ಕ್ರಿಯಾಪದ ಮತ್ತು ವಿಶೇಷಣವನ್ನು ಅದರ ಮೂಲಕವೇ ಹುಡುಕಿರಿ. ಕನ್ನಡದ ಕ್ರಿಯಾಪದವನ್ನು ಅನುವಾದಿಸುವುದರಿಂದ ಆರಂಭಿಸಿದರೆ ಹೆಚ್ಚಿನ ಸಲ ದಾರಿ ತಪ್ಪುತ್ತದೆ.

ಪದಜೋಡಿಯನ್ನು ಅದರ ವಿರುದ್ಧಾರ್ಥದ ಜೊತೆಗೆ ಕಲಿತರೆ ನೆನಪಿನಲ್ಲಿ ಹೆಚ್ಚು ಕಾಲ ಉಳಿಯುತ್ತದೆ. ದರ್ಶಿನಿಯಲ್ಲಿ ನಿಂತು ನಾವು ‘ಸ್ಟ್ರಾಂಗ್ ಕಾಫಿ’ ಎನ್ನುತ್ತೇವೆ, ಅದು ಇಂಗ್ಲಿಷಿನಲ್ಲಿಯೂ ಸರಿ. ಆದರೆ ಅದರ ಎದುರಿಗೆ ನಾವು ಹೇಳುವ ‘ಲೈಟ್ ಕಾಫಿ’ಗೆ ಇಂಗ್ಲಿಷಿನ ರೂಢಿಯ ವಿಶೇಷಣ ‘ವೀಕ್’. ‘ಹೆವಿ ರೇನ್’ಗೆ ಎದುರು ‘ಲೈಟ್ ರೇನ್’, ‘ಹೆವಿ ಟ್ರಾಫಿಕ್’ಗೆ ಎದುರು ‘ಲೈಟ್ ಟ್ರಾಫಿಕ್’. ಆದರೆ ‘ಹೈ ಫೀವರ್’ಗೆ ಎದುರು ‘ಮೈಲ್ಡ್ ಫೀವರ್’ ಅಥವಾ ‘ಸ್ಲೈಟ್ ಫೀವರ್’. ಒಂದೇ ‘ಸ್ಟ್ರಾಂಗ್’ ಕಾಫಿಯ ಜೊತೆಗಿದ್ದಾಗ ‘ವೀಕ್’ ಅದರ ಎದುರಾಳಿ. ಮಾತಿನ ಧಾಟಿಯ ಜೊತೆಗೆ, ಅಂದರೆ ‘ಸ್ಟ್ರಾಂಗ್ ಆ್ಯಕ್ಸೆಂಟ್’ ಎಂದಾಗ, ಎದುರಾಳಿ ‘ಸ್ಲೈಟ್’. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಸಿಕ್ಕಿಬಿದ್ದಾಗ ‘ಟ್ರಾಫಿಕ್ ಈಸ್ ಮೋರ್’ ಎಂದು ಆಫೀಸಿಗೆ ಸಂದೇಶ ಕಳಿಸುವವರು ಅನೇಕರು. ‘ದಿ ಟ್ರಾಫಿಕ್ ಈಸ್ ಹೆವಿ’ ಅಥವಾ ‘ಐ ಆ್ಯಮ್ ಸ್ಟಕ್ ಇನ್ ಟ್ರಾಫಿಕ್’ ಎಂಬ ಎರಡನ್ನು ಕಲಿತರೆ ಈ ಊರಿನಲ್ಲಿ ಅವು ಉಪಯೋಗಕ್ಕೆ ಬಾರದ ದಿನವಿರುವುದಿಲ್ಲ.

ಮೇಕ್ ಮತ್ತು ಡೂ

ಕನ್ನಡದ ‘ಮಾಡು’ವಿನ ಕೆಲಸವನ್ನು ಇಂಗ್ಲಿಷಿನಲ್ಲಿ ಹಲವು ಕ್ರಿಯಾಪದಗಳು ಹಂಚಿಕೊಂಡಿವೆ, ಮತ್ತು ಕನ್ನಡಿಗರಿಗೆ ಹೆಚ್ಚು ತೊಡಕಾಗುವುದು ಇಲ್ಲಿಯೇ ಆದ್ದರಿಂದ ಸ್ವಲ್ಪ ನಿಧಾನವಾಗಿ ನೋಡೋಣ. ಕೆಲಸ ಮುಗಿದಾಗ ಮೊದಲು ಇಲ್ಲದಿದ್ದ ಯಾವುದೋ ಒಂದು ಉಂಟಾಗಿದ್ದರೆ ಸಾಮಾನ್ಯವಾಗಿ ‘ಮೇಕ್’ ಬರುತ್ತದೆ. ತೀರ್ಮಾನ, ಯೋಜನೆ, ವಾಗ್ದಾನ, ದೂರು, ಸಲಹೆ, ನೆಪ, ತಪ್ಪು, ಗದ್ದಲ, ಹಣ ಇವೆಲ್ಲವೂ ಉಂಟಾಗುವಂಥವು; ಅದರಿಂದ ‘ಮೇಕ್ ಎ ಡಿಸಿಷನ್’, ‘ಮೇಕ್ ಎ ಪ್ಲಾನ್’, ‘ಮೇಕ್ ಎ ಪ್ರಾಮಿಸ್’, ‘ಮೇಕ್ ಎ ಕಂಪ್ಲೇಂಟ್’, ‘ಮೇಕ್ ಎ ಸಜೆಷನ್’, ‘ಮೇಕ್ ಆ್ಯನ್ ಎಕ್ಸ್‌ಕ್ಯೂಸ್’, ‘ಮೇಕ್ ಎ ಮಿಸ್ಟೇಕ್’, ‘ಮೇಕ್ ಎ ನಾಯ್ಸ್’, ‘ಮೇಕ್ ಮನಿ’. ಚಟುವಟಿಕೆಯೇ ಮುಖ್ಯವಾಗಿ, ಕರ್ತವ್ಯದಂತೆ ನಡೆಸಿಕೊಂಡು ಹೋಗುವ ಕೆಲಸವಾಗಿದ್ದರೆ ‘ಡೂ’ ಬರುತ್ತದೆ: ‘ಡೂ ಹೋಂವರ್ಕ್’, ‘ಡೂ ದಿ ಡಿಶಸ್’, ‘ಡೂ ಬಿಸಿನೆಸ್’, ‘ಡೂ ರಿಸರ್ಚ್’, ‘ಡೂ ಎಕ್ಸರ್‌ಸೈಜ್’.

ಈ ಸೂತ್ರ ಎಲ್ಲ ಕಡೆಗೂ ಸಲ್ಲುವುದಿಲ್ಲ. ಹಾಸಿಗೆ ಸರಿಪಡಿಸುವುದು ದಿನನಿತ್ಯದ ಮನೆಗೆಲಸವೇ ಆದರೂ ‘ಮೇಕ್ ದಿ ಬೆಡ್’ ಎನ್ನುತ್ತಾರೆ. ಹಾನಿ ಎಂಬುದು ಉಂಟಾಗುವಂಥದೇ ಆದರೂ ‘ಡೂ ಡ್ಯಾಮೇಜ್’ ಎನ್ನುತ್ತಾರೆ. ‘ಪ್ರಯತ್ನ ಮಾಡು’ ಎಂಬುದಕ್ಕೆ ‘ಮೇಕ್ ಆ್ಯನ್ ಎಫರ್ಟ್’ ಇದೆ, ಆದರೆ ‘ಕೈಲಾದಷ್ಟು ಮಾಡು’ ಎಂಬುದಕ್ಕೆ ‘ಡೂ ಯುವರ್ ಬೆಸ್ಟ್’ ಇದೆ. ಆದ್ದರಿಂದ ಸೂತ್ರವನ್ನು ಊಹೆಗೆ ಬಳಸಿ, ಖಚಿತಪಡಿಸಿಕೊಳ್ಳಲು ನಿಘಂಟನ್ನು ನೋಡಿ. ಇವೆರಡೂ ಅಲ್ಲದ ಸಂದರ್ಭಗಳು ಬೇರೆಯೇ ಇವೆ. ಸ್ನಾನ ಮಾಡುವುದಕ್ಕೆ ‘ಹ್ಯಾವ್’ ಅಥವಾ ‘ಟೇಕ್’, ಜಗಳ ಮಾಡುವುದಕ್ಕೆ ‘ಹ್ಯಾವ್’, ಸಭೆ ಮಾಡುವುದಕ್ಕೆ ‘ಹೋಲ್ಡ್’, ಅಪರಾಧ ಮಾಡುವುದಕ್ಕೆ ‘ಕಮಿಟ್’. ನಾವು ಕನಸನ್ನು ಕಾಣುತ್ತೇವೆ, ಇಂಗ್ಲಿಷಿನಲ್ಲಿ ಕನಸಿಗೂ ‘ಹ್ಯಾವ್’. ಗಮನವನ್ನು ನಾವು ಕೊಡುತ್ತೇವೆ, ಅವರು ಅದಕ್ಕೆ ಹೆಚ್ಚಾಗಿ ‘ಪೇ’ ಬಳಸುತ್ತಾರೆ: ‘ಪೇ ಅಟೆನ್ಷನ್’. ಭೇಟಿ ಕೊಡುವುದೂ ‘ಪೇ ಎ ವಿಸಿಟ್’.

ಕ್ರಿಯಾಪದದ ನಂತರ ಬರುವ ‘ವಿತ್’, ‘ಟು’, ‘ಆನ್’ ಮೊದಲಾದ ಚಿಕ್ಕ ಪದಗಳೂ ಈ ಸಹವಾಸಕ್ಕೆ ಸೇರಿದವು. ‘ಜೊತೆ’ ಎಂಬುದನ್ನು ಅನುವಾದಿಸಿ ‘ಮ್ಯಾರೀಡ್ ವಿತ್’ ಎನ್ನುವುದಕ್ಕೆ ಬದಲಾಗಿ ‘ಮ್ಯಾರೀಡ್ ಟು’ ಎನ್ನಬೇಕು. ‘ಡಿಸ್ಕಸ್’ ಆದ ಮೇಲೆ ‘ಅಬೌಟ್’ ಬೇಡ. ‘ಕೋಪ್ ಅಪ್ ವಿತ್’ ಎಂಬಲ್ಲಿ ‘ಅಪ್’ ಬೇಡ.

ಟಿಪ್ಪಣಿ ಪುಸ್ತಕವನ್ನು ಇಡುವ ರೀತಿ

ಹಳೆಯ ಎರಡು ಕಾಲಂಗಳ ಪಟ್ಟಿಯನ್ನು ಬಿಟ್ಟು, ಪುಟಕ್ಕೊಂದು ನಾಮಪದವನ್ನು ನಡುವೆ ಬರೆದುಕೊಳ್ಳಿ. ಅದರ ಎಡಕ್ಕೆ ಅದನ್ನು ಹಿಡಿಯುವ ಕ್ರಿಯಾಪದಗಳು, ಮೇಲೆ ವಿಶೇಷಣಗಳು, ಬಲಕ್ಕೆ ಅದರ ನಂತರ ಬರುವ ಚಿಕ್ಕ ಪದಗಳು, ಕೆಳಗೆ ನಿಮ್ಮದೇ ಬದುಕಿನ ಬಗ್ಗೆ ಒಂದು ಪೂರ್ಣ ವಾಕ್ಯ. ನಾಮಪದವನ್ನು ಆರಿಸುವಾಗ ನಿಮಗೆ ನಿಜವಾಗಿ ಬೇಕಾದದ್ದನ್ನು ಆರಿಸಿ. ಬೆಂಗಳೂರಿನಲ್ಲಿ ಬಾಡಿಗೆ ಮನೆಯಲ್ಲಿರುವವರಿಗೆ ‘ರೆಂಟ್’ ಒಳ್ಳೆಯ ಆರಂಭ. ಬಾಡಿಗೆ ಕಟ್ಟುವುದು ‘ಪೇ ದಿ ರೆಂಟ್’, ಏರಿಸುವುದು ‘ರೇಸ್ ದಿ ರೆಂಟ್’, ಕೊಡಬೇಕಾದ ದಿನ ಬಂದಿದ್ದರೆ ‘ದಿ ರೆಂಟ್ ಈಸ್ ಡ್ಯೂ’, ಬಾಕಿ ಬಿದ್ದಿದ್ದರೆ ‘ಫಾಲ್ ಬಿಹೈಂಡ್ ವಿತ್ ದಿ ರೆಂಟ್’. ಅದರ ಪಕ್ಕದ ಪುಟದಲ್ಲಿ ‘ಅಗ್ರಿಮೆಂಟ್’ ಬರೆಯಿರಿ: ಇಲ್ಲಿ ಸಾಮಾನ್ಯವಾಗಿ 11 ತಿಂಗಳಿಗೆ ಬರೆಸುವ ಕರಾರಿಗೆ ಸಹಿ ಮಾಡುವುದು ‘ಸೈನ್’, ಅವಧಿ ಮುಗಿದ ಮೇಲೆ ಮುಂದುವರಿಸುವುದು ‘ರಿನ್ಯೂ’.

ಈ ಒಂದು ವಿಷಯದಲ್ಲಿಯೇ ಎಚ್ಚರ ವಹಿಸಬೇಕಾದ ಹಲವು ಜಾಗಗಳಿವೆ. ಮನೆ ಶಿಫ್ಟ್ ಮಾಡುವುದು ‘ಮೂವ್ ಹೌಸ್’, ಖಾಲಿ ಮಾಡುವುದು ‘ಮೂವ್ ಔಟ್’ ಅಥವಾ ‘ವೆಕೇಟ್ ದಿ ಹೌಸ್’. ನಾವು ‘ಅಡ್ವಾನ್ಸ್’ ಎನ್ನುವ ಹಣ ಹೊರಗಿನವರಿಗೆ ‘ಡೆಪಾಸಿಟ್’ ಎಂದರೆ ತಿಳಿಯುತ್ತದೆ. ಅದನ್ನು ಹಿಂದಕ್ಕೆ ಪಡೆಯುವುದು ‘ಗೆಟ್ ದಿ ಡೆಪಾಸಿಟ್ ಬ್ಯಾಕ್’. ಬೆಂಗಳೂರಿನಲ್ಲಿ ‘ಲೀಸ್’ ಎಂದೊಡನೆ ನಮ್ಮ ಮನಸ್ಸಿಗೆ ಬರುವುದು ದೊಡ್ಡ ಮೊತ್ತವನ್ನು ಒಮ್ಮೆಗೇ ಕೊಟ್ಟು ತಿಂಗಳ ಬಾಡಿಗೆಯಿಲ್ಲದೆ ಇರುವ ಭೋಗ್ಯದ ಪದ್ಧತಿ. ಬೇರೆ ದೇಶದ ಮೇಲಧಿಕಾರಿ ‘ಐ ಸೈನ್ಡ್ ಎ ಲೀಸ್’ ಎಂದಾಗ ಅವರು ಹೇಳುತ್ತಿರುವುದು ಸಾಧಾರಣ ಬಾಡಿಗೆ ಕರಾರಿನ ಮಾತು.

ಬರೆದುಕೊಂಡದ್ದನ್ನು ಮತ್ತೆ ಮತ್ತೆ ಓದುವುದಕ್ಕಿಂತ ಎಡಭಾಗದ ಕ್ರಿಯಾಪದಗಳನ್ನು ಕೈಯಿಂದ ಮುಚ್ಚಿ, ನಾಮಪದವನ್ನು ನೋಡಿ ನೆನಪಿಸಿಕೊಳ್ಳುವುದು ಹೆಚ್ಚು ಫಲ ಕೊಡುತ್ತದೆ. ಚಲ್ಲಘಟ್ಟದಿಂದ ವೈಟ್‌ಫೀಲ್ಡಿನವರೆಗೆ ಮೆಟ್ರೊದ ನೇರಳೆ ಮಾರ್ಗದಲ್ಲಿ ಪ್ರತಿದಿನ ಓಡಾಡುವವರಿಗೆ ಇದಕ್ಕೆ ಬೇಕಾದ ಸಮಯ ಪ್ರಯಾಣದಲ್ಲಿಯೇ ಸಿಗುತ್ತದೆ. ಮೆಜೆಸ್ಟಿಕ್‌ನಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸುವವರು ‘ಚೇಂಜ್ ಟ್ರೇನ್ಸ್’ ಎಂಬ ಪದಜೋಡಿಯನ್ನು ಅಲ್ಲಿಯೇ ಕಲಿಯಬಹುದು. ಅದರಲ್ಲಿ ‘ಟ್ರೇನ್ಸ್’ ಬಹುವಚನದಲ್ಲಿರುತ್ತದೆ.

ಎರಡು ಪತ್ರಿಕೆಗಳನ್ನು ಜೊತೆಗಿಟ್ಟು ಓದುವುದು

ನಾನು ಎಲ್ಲಕ್ಕಿಂತ ಹೆಚ್ಚಾಗಿ ಶಿಫಾರಸು ಮಾಡುವ ಅಭ್ಯಾಸವೆಂದರೆ ಒಂದೇ ಸುದ್ದಿಯನ್ನು ಮೊದಲು ಕನ್ನಡ ಪತ್ರಿಕೆಯಲ್ಲಿ, ಬಳಿಕ ಇಂಗ್ಲಿಷ್ ಪತ್ರಿಕೆಯಲ್ಲಿ ಓದುವುದು. ಕಬ್ಬನ್ ಪಾರ್ಕಿನ ಕೇಂದ್ರ ಗ್ರಂಥಾಲಯದಲ್ಲಾಗಲಿ ನಿಮ್ಮ ಬಡಾವಣೆಯ ಸಾರ್ವಜನಿಕ ಗ್ರಂಥಾಲಯದಲ್ಲಾಗಲಿ ಹಣ ಕೊಡದೆ ಇದನ್ನು ಮಾಡಬಹುದು. ಘಟನೆ ಮೊದಲೇ ತಿಳಿದಿರುವುದರಿಂದ ಅರ್ಥಕ್ಕಾಗಿ ಒದ್ದಾಡಬೇಕಾಗಿಲ್ಲ, ಗಮನವೆಲ್ಲ ಪದಗಳ ನಂಟಿನ ಮೇಲೆ ನಿಲ್ಲುತ್ತದೆ. ಬೆಂಗಳೂರಿನಲ್ಲಿ ರಾತ್ರಿ ಮಳೆ ಸುರಿದ ಮರುದಿನದ ಪತ್ರಿಕೆ ಈ ಅಭ್ಯಾಸಕ್ಕೆ ಬಹಳ ಒಳ್ಳೆಯದು. ಕನ್ನಡದಲ್ಲಿ ‘ಧಾರಾಕಾರ ಮಳೆ’ ಇದ್ದಲ್ಲಿ ಇಂಗ್ಲಿಷಿನಲ್ಲಿ ‘ಟೊರೆನ್ಶಿಯಲ್ ರೇನ್’ ಅಥವಾ ‘ಹೆವಿ ರೇನ್ ಲ್ಯಾಶ್ಡ್ ದಿ ಸಿಟಿ’ ಕಾಣಬಹುದು. ‘ಜನಜೀವನ ಅಸ್ತವ್ಯಸ್ತ’ ಎಂಬುದರ ಎದುರಿಗೆ ‘ಡಿಸ್ರಪ್ಟೆಡ್ ನಾರ್ಮಲ್ ಲೈಫ್’, ‘ತಗ್ಗು ಪ್ರದೇಶ ಜಲಾವೃತ’ ಎಂಬುದರ ಎದುರಿಗೆ ‘ಲೋ-ಲೈಯಿಂಗ್ ಏರಿಯಾಸ್ ವರ್ ಇನಂಡೇಟೆಡ್’, ‘ಮರ ಧರೆಗುರುಳಿತು’ ಎಂಬುದರ ಎದುರಿಗೆ ‘ಟ್ರೀಸ್ ವರ್ ಅಪ್‌ರೂಟೆಡ್’ ಇರಬಹುದು. ಹವಾಮಾನ ಇಲಾಖೆ ಹಳದಿ ಎಚ್ಚರಿಕೆಯನ್ನು ‘ಘೋಷಿಸಿತು’ ಎಂದು ನಾವು ಬರೆಯುತ್ತೇವೆ, ಇಂಗ್ಲಿಷಿನಲ್ಲಿ ‘ಅಲರ್ಟ್’ ಪದದ ಜೊತೆಗೆ ‘ಇಶ್ಯೂ’ ಬರುತ್ತದೆ. ಕನ್ನಡದ ಪತ್ರಿಕೆಯ ಭಾಷೆಯೂ ಎಷ್ಟು ಸಿದ್ಧ ಜೋಡಿಗಳಿಂದ ಕಟ್ಟಿಕೊಂಡಿದೆ ಎಂಬುದು ಈ ಓದಿನಿಂದ ತಿಳಿಯುತ್ತದೆ, ಮತ್ತು ಅದನ್ನು ತಿಳಿದವರಿಗೆ ಇಂಗ್ಲಿಷಿನ ಪದಜೋಡಿಗಳು ಅಪರಿಚಿತವಾಗಿ ತೋರುವುದಿಲ್ಲ.

ಭಾರತೀಯ ಇಂಗ್ಲಿಷನ್ನು ಏನು ಮಾಡಬೇಕು

ನಮ್ಮ ದೇಶದಲ್ಲಿ ಬೆಳೆದು ಬಂದ ಪದಜೋಡಿಗಳನ್ನೆಲ್ಲ ತಪ್ಪು ಎಂದು ತಳ್ಳಿಹಾಕುವುದು ಸರಿಯಲ್ಲ. ‘ರೈಟ್ ಆ್ಯನ್ ಎಗ್ಸಾಮ್’, ‘ಔಟ್ ಆಫ್ ಸ್ಟೇಷನ್’, ‘ಪ್ರಿಪೋನ್ ಎ ಮೀಟಿಂಗ್’ ಇವು ಕೋಟ್ಯಂತರ ಜನರ ನಡುವೆ ಸಲೀಸಾಗಿ ನಡೆಯುತ್ತವೆ, ಒಬ್ಬರಿಗೊಬ್ಬರು ಅರ್ಥ ಮಾಡಿಕೊಳ್ಳುತ್ತಾರೆ. ಕೇಳುವವರು ಯಾರು ಎಂಬುದನ್ನು ನೋಡಿ ಆರಿಸಿಕೊಳ್ಳಬೇಕು, ಅಷ್ಟೇ. ಆದರೆ ಅರ್ಥವೇ ಪಲ್ಲಟವಾಗುವ ಕೆಲವನ್ನು ಮಾತ್ರ ಹೊರದೇಶದವರೊಡನೆ ಬಳಸದಿರುವುದು ಒಳ್ಳೆಯದು. ತರಗತಿಯಲ್ಲಿ ನಾವು ‘ಐ ಹ್ಯಾವ್ ಎ ಡೌಟ್’ ಎನ್ನುವುದು ಪ್ರಶ್ನೆ ಕೇಳುವುದಕ್ಕೆ. ಬ್ರಿಟನ್ ಅಥವಾ ಅಮೆರಿಕದವರಿಗೆ ಅದು ನೀವು ಅವರ ಮಾತನ್ನು ನಂಬುತ್ತಿಲ್ಲವೆಂದು ಕೇಳಿಸಬಹುದು. ಅಲ್ಲಿ ‘ಐ ಹ್ಯಾವ್ ಎ ಕ್ವೆಶ್ಚನ್’ ಎನ್ನಿ. ‘ಐ ಪಾಸ್ಡ್ ಔಟ್ ಇನ್ 2019’ ಎಂದರೆ ಅವರಿಗೆ ಪ್ರಜ್ಞೆ ತಪ್ಪಿದ ಸುದ್ದಿ. ‘ಐ ಗ್ರ್ಯಾಜುಯೇಟೆಡ್ ಇನ್ 2019’ ಎನ್ನಬೇಕು. ಇಮೇಲಿನಲ್ಲಿ ‘ಡೂ ದಿ ನೀಡ್‌ಫುಲ್’ ಎಂದು ಬರೆಯುವ ಬದಲು ಏನು ಆಗಬೇಕೋ ಅದನ್ನೇ ಬರೆದರೆ ಓದುವವರಿಗೆ ಕೆಲಸ ಸ್ಪಷ್ಟವಾಗುತ್ತದೆ.

ಆಫೀಸಿನ ನಾಮಪದಗಳಲ್ಲಿ ‘ಡೆಡ್‌ಲೈನ್’ಗೆ ‘ಮೀಟ್’, ‘ಮಿಸ್’, ‘ಎಕ್ಸ್‌ಟೆಂಡ್’ ಸೇರುತ್ತವೆ, ‘ಇಶ್ಯೂ’ವಿಗೆ ‘ರೇಸ್’, ‘ಅಡ್ರೆಸ್’, ‘ರಿಸಾಲ್ವ್’, ‘ಎಕ್ಸ್‌ಪೀರಿಯೆನ್ಸ್’ಗೆ ‘ಗೇನ್’, ‘ನೋಟಿಸ್ ಪೀರಿಯಡ್’ಗೆ ‘ಸರ್ವ್’. ಕೆಲಸ ಹುಡುಕುವವರು ಈ ನಾಲ್ಕು ಪುಟಗಳನ್ನು ಮೊದಲೇ ಸಿದ್ಧ ಮಾಡಿಕೊಳ್ಳುವುದು ಒಳ್ಳೆಯದು. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಯನ್ನು ಬರೆಯಲಿರುವವರಿಗೆ ಇನ್ನೊಂದು ಕಾರಣವೂ ಇದೆ. ಆ ಪರೀಕ್ಷೆಯ ಮಾತು ಮತ್ತು ಬರಹದ ವಿಭಾಗಗಳಲ್ಲಿ ಅಂಕ ನೀಡುವ ನಾಲ್ಕು ಮಾನದಂಡಗಳಲ್ಲಿ ಶಬ್ದಸಂಪತ್ತು ಒಂದು, ಮತ್ತು ಅದರಲ್ಲಿ 7ನೇ ಬ್ಯಾಂಡಿನ, ಅಂದರೆ ಅಂಕದ ಮಟ್ಟದ, ವಿವರಣೆ ಪದಜೋಡಿಗಳ ಅರಿವನ್ನು ಹೆಸರಿಸಿಯೇ ಕೇಳುತ್ತದೆ.

ಸಂದೇಹ ಬಂದಾಗ ನೋಡುವ ಜಾಗಗಳು

ಕಲಿಯುವವರಿಗಾಗಿಯೇ ಸಿದ್ಧವಾದ ಆಕ್ಸ್‌ಫರ್ಡ್, ಕೇಂಬ್ರಿಡ್ಜ್ ಮತ್ತು ಲಾಂಗ್‌ಮನ್ ನಿಘಂಟುಗಳು ಅಂತರಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಅವುಗಳಲ್ಲಿ ಅರ್ಥವನ್ನಷ್ಟೇ ಓದಿ ಮುಚ್ಚಬೇಡಿ. ಅದರ ಕೆಳಗಿನ ಉದಾಹರಣೆ ವಾಕ್ಯಗಳಲ್ಲಿಯೇ ಪದದ ಸಹವಾಸ ಕಾಣುವುದು. ಕ್ರಿಯಾಪದದ ಕೆಳಗೆ ಹುಡುಕದೆ ನಾಮಪದದ ಕೆಳಗೆ ಹುಡುಕಿ. ಎರಡು ರೂಪಗಳಲ್ಲಿ ಯಾವುದು ರೂಢಿ ಎಂದು ತಿಳಿಯಬೇಕಾದರೆ ಗೂಗಲ್‌ನ ಎನ್‌ಗ್ರಾಮ್ ವ್ಯೂವರ್ ಎಂಬ ಪುಟದಲ್ಲಿ ಎರಡನ್ನೂ ಅಲ್ಪವಿರಾಮದಿಂದ ಬೇರ್ಪಡಿಸಿ ಬರೆಯಿರಿ. ಮುದ್ರಿತ ಪುಸ್ತಕಗಳಲ್ಲಿ ಅವುಗಳ ಬಳಕೆ ವರ್ಷದಿಂದ ವರ್ಷಕ್ಕೆ ಎಷ್ಟಿತ್ತು ಎಂಬುದನ್ನು ಎರಡು ಗೆರೆಗಳು ತೋರಿಸುತ್ತವೆ. ‘ಹೆವಿ’ ಎಂದು ಬರೆದು ಮುಂದೆ ನಕ್ಷತ್ರದ ಗುರುತು ಹಾಕಿದರೆ ಆ ಜಾಗದಲ್ಲಿ ಅತಿ ಹೆಚ್ಚು ಬರುವ 10 ಪದಗಳು ಕಾಣಿಸುತ್ತವೆ. ಇನ್ನೂ ಆಳವಾಗಿ ನೋಡಬಯಸುವವರಿಗೆ ಬಳಕೆಯಲ್ಲಿರುವ ಬರಹ ಮತ್ತು ಮಾತಿನ ಸುಮಾರು 10 ಕೋಟಿ ಪದಗಳ ಸಂಗ್ರಹವಾದ ಬ್ರಿಟಿಷ್ ನ್ಯಾಷನಲ್ ಕಾರ್ಪಸ್ ಇದೆ, 1990ರಿಂದ 2019ರವರೆಗಿನ ಅಮೆರಿಕನ್ ಇಂಗ್ಲಿಷಿನ 100 ಕೋಟಿಗೂ ಹೆಚ್ಚು ಪದಗಳ ಸಂಗ್ರಹವಾದ ಕೋಕಾ ಇದೆ. ಸಾಮಾನ್ಯ ಹುಡುಕಾಟದ ಪುಟದಲ್ಲಿ ಕಾಣುವ ಫಲಿತಾಂಶಗಳ ಸಂಖ್ಯೆಯನ್ನು ಮಾತ್ರ ಸಾಕ್ಷಿಯಾಗಿ ತೆಗೆದುಕೊಳ್ಳಬೇಡಿ. ಅದು ನಿಖರವಾದ ಎಣಿಕೆಯಲ್ಲ.

ಮಾತಿನ ನಡುವೆ ನಿಘಂಟನ್ನು ತೆರೆಯಲು ಆಗುವುದಿಲ್ಲ. ಅಲ್ಲಿ ನಾಮಪದ ನೆನಪಿಗೆ ಬಂದು ಅದರ ಕ್ರಿಯಾಪದ ಹೊಳೆಯದೆ ಹೋದರೆ ನಾಮಪದವನ್ನೇ ಬಿಟ್ಟು ನೇರವಾದ ಕ್ರಿಯಾಪದಕ್ಕೆ ಹೊರಳಿ. ‘ಮೇಕ್’ ಇರಬೇಕೋ ‘ಟೇಕ್’ ಇರಬೇಕೋ ಎಂದು ‘ಡಿಸಿಷನ್’ ಹತ್ತಿರ ನಿಲ್ಲುವ ಬದಲು ‘ವಿ ಡಿಸೈಡೆಡ್’ ಎನ್ನಿ; ‘ಸಜೆಷನ್’ ಬದಲು ‘ಐ ಸಜೆಸ್ಟೆಡ್’, ‘ಕಂಪ್ಲೇಂಟ್’ ಬದಲು ‘ದೇ ಕಂಪ್ಲೇನ್ಡ್’ ಎನ್ನಿ. ಮಾತು ಮುಂದುವರಿಯಲಿ. ಬಿಡುವಾದಾಗ ಆ ನಾಮಪದಕ್ಕೆ ಟಿಪ್ಪಣಿ ಪುಸ್ತಕದಲ್ಲಿ ಒಂದು ಹೊಸ ಪುಟ ತೆರೆಯಿರಿ.